ಮೊದಲ ಹಿಡಿ ನೀರುಗರುಗ

ಕೆಲಮಂಗಲದ ಸಂತೆಯಲ್ಲಿ ನೀರುಗರುಗದ ಸೊಪ್ಪು ಎಂದರೆ ಗಂಗಾದೇವಿಯೇ. ಗದ್ದೆ ಬದುವಿನ ಗರುಗದ ಸೊಪ್ಪನ್ನು ಯಾರು ಬೇಕಾದರೂ ಕಿತ್ತು ತಂದಾರು. ಕೆರೆಯಂಚಿನಲ್ಲಿ ತೇಲುತ್ತ ಹಬ್ಬುವ ಈ ಟೊಳ್ಳುದಂಟಿನ ಸೊಪ್ಪಿಗೆ ಮಾತ್ರ ಮೊಣಕಾಲುದ್ದ ನೀರಿಗೆ ಇಳಿಯಬೇಕು. ಅವಳು ಮೂವತ್ತು ವರ್ಷದಿಂದ ಇಳಿಯುತ್ತಿದ್ದಾಳೆ. ಕುಡಿ ಚಿವುಟುತ್ತಾಳೆ, ಬೇರು ಬಿಟ್ಟ ಗೆಣ್ಣನ್ನು ಮುಟ್ಟುವುದಿಲ್ಲ. ಬುಡಸಮೇತ ಕೀಳುವವರನ್ನು ಕಂಡರೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಯುತ್ತಾಳೆ. ತೆಲುಗಿನ ಬೈಗುಳವೇ ಚೆನ್ನಾಗಿ ನಾಟುತ್ತದಂತೆ.

ಮೊದಲ ಹಿಡಿ ಮಾರುವುದಕ್ಕಲ್ಲ. ಅದು ಗೆಳತಿ ಕನಕಮ್ಮನದು. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಕನಕಮ್ಮ ಈಗ ಕೆರೆಯ ಮೇಲಣ ಕಾರ್ಖಾನೆಯಲ್ಲಿ ಕಸ ಗುಡಿಸುತ್ತಾಳೆ, ಮಗ ಮುರಳಿಕೃಷ್ಣನಿಗೂ ಅಲ್ಲೇ ಕೆಲಸ. ಪ್ರತಿ ಶುಕ್ರವಾರ ಬಾಗಿಲಲ್ಲಿ ಸೆರಗೊಡ್ಡಿ ಸೊಪ್ಪು ಈಸಿಕೊಂಡು, "ನಿನ್ ಕೈ ಸೊಪ್ಪಿಲ್ದೆ ಮುದ್ದೆ ಇಳಿಯಲ್ಲ ಕಣೆ" ಎಂದು ನಗುತ್ತಾಳೆ.

ಈ ಬೇಸಿಗೆಯಲ್ಲಿ ಗಂಗಾದೇವಿಯ ಮಗಳು ಭಾನು ಐದು ತಿಂಗಳ ಬಸುರಿಯಾಗಿ ತವರಿಗೆ ಬಂದಳು. ಬಯಕೆ ಏನೆಂದು ಕೇಳಿದರೆ ಒಂದೇ ಮಾತು: ನೀರುಗರುಗದ ಮಸ್ಸೊಪ್ಪು. ತಾಯಿಗೆ ಹಿಗ್ಗೋ ಹಿಗ್ಗು. ದಿನ ಬಿಟ್ಟು ದಿನ ಮಾಡಿ ಬಡಿಸಿದಳು.

ಕಳೆದ ಶನಿವಾರ ಗಂಗಾದೇವಿ ಮೊರ ಕೇಳಲೆಂದು ಕನಕಮ್ಮನ ಹಿತ್ತಲಿಗೆ ಹೋದಳು. ತಿಪ್ಪೆಯ ಮೇಲೆ ನೀರುಗರುಗದ ಕಟ್ಟು ಬಿದ್ದಿತ್ತು. ತಾನೇ ಬಾಳೆನಾರಿನಲ್ಲಿ ಹಾಕಿದ ಗಂಟು ಇನ್ನೂ ಬಿಚ್ಚಿರಲಿಲ್ಲ. ಅದರಡಿ ಒಣಗಿದ್ದು ಇನ್ನೊಂದು, ಕೊಳೆತದ್ದು ಮತ್ತೊಂದು.

"ಏನೇ ಇದು?"

ಹಿಂದೆಯೇ ಬಂದಿದ್ದ ಕನಕಮ್ಮ ಸೆರಗು ಹಿಂಡಿದಳು. "ಹೋದ ದೀಪಾವಳಿಯಿಂದ ಕಂಪ್ನಿ ಗಲೀಜು ನೀರು ಕೆರೇಗೇ ಬಿಡ್ತಾವ್ರೆ ಗಂಗಾ. ಪೈಪು ನಾನೇ ಕಣ್ಣಾರೆ ನೋಡಿದೀನಿ. ಬಾಯ್ಬಿಟ್ರೆ ನಂದೂ ಮುರಳೀದೂ ಕೆಲ್ಸ ಹೋಗ್ತದೆ."

"ನೀನು ತಿನ್ನೋದು ಬಿಟ್ಬುಟ್ಟೆ."

ಕನಕಮ್ಮ ಕಾಲಲ್ಲೇ ಕಟ್ಟನ್ನು ತಿಪ್ಪೆಯ ಮರೆಗೆ ತಳ್ಳಿದಳು.

"ಊರಿಗ್ ಹೇಳ್ಬೇಡ ಬಿಡು. ನನ್ ಕಿವೀಲಿ ಹೇಳಕ್ಕೂ ಆಗ್ಲಿಲ್ವಾ? ನನ್ ಮಗಳು ತಿಂತಾ ಇರೋದು ನಿಂಗೆ ಗೊತ್ತಿತ್ತಲ್ಲೇ!"

"ಬೇಜಾರು ಮಾಡ್ಕೋತೀಯ ಅಂತ..."

ಕಾರ್ಖಾನೆಯ ಮೇಲೆ ಗಂಗಾದೇವಿಗೆ ಅಷ್ಟು ಸಿಟ್ಟು ಬರಲಿಲ್ಲ. ಅದು ಅವಳಿಗೆ ಯಾವತ್ತೂ ಗೆಳತಿಯಾಗಿರಲಿಲ್ಲ. ಸೆರಗೊಡ್ಡಿ ನಗುತ್ತಿದ್ದ ಆ ಮುಖ ನೆನೆದು ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದವಳೇ ಒಲೆಯ ಮೇಲಿನ ಪಾತ್ರೆ ಎತ್ತಿ ಮಸ್ಸೊಪ್ಪನ್ನೆಲ್ಲ ತಿಪ್ಪೆಗೆ ಸುರಿದಳು. ಭಾನು ತಟ್ಟೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದಳು.

"ಯಾಕಮ್ಮಾ ಚೆಲ್ದೆ? ಕನಕತ್ತೆಗೂ ಒಂದ್ ಬಟ್ಲು ಕೊಟ್ಬರೋಣ ಅಂದ್ಕೊಂಡಿದ್ದೆ."