ಮಳವಳ್ಳಿ ಗ್ಯಾರೇಜಿನಲ್ಲಿ ಕೇಳಿದ ಪ್ರಶ್ನೆ

ಕನ್ನಡದ ವ್ಲಾಗ್‌ಗಳು ಯಾವ ಯಾವ ಊರಿಂದ ಬರುತ್ತವೆ ಎಂದು ಲೆಕ್ಕ ಹಾಕುವುದು ಮೈಸೂರಿನಲ್ಲಿರುವ ನಮ್ಮ ಸಣ್ಣ ಕಚೇರಿಯ ಕೆಲಸ. ಚಾನೆಲ್‌ನಲ್ಲಿ ಬರೆದುಕೊಂಡ ಊರನ್ನು ನಂಬುವಂತಿಲ್ಲ. ಹೆಚ್ಚಿನವರು ಬೆಂಗಳೂರು ಎಂದೇ ಹಾಕಿರುತ್ತಾರೆ. ಹಾಗಾಗಿ ವಿಡಿಯೊದಲ್ಲಿ ಕಾಣುವ ಅಂಗಡಿ ಬೋರ್ಡು, ಹಾದುಹೋಗುವ ಬಸ್ಸು, ಆಡುವ ಮಾತು ನೋಡಿ ಊರು ಗುರುತಿಸುತ್ತೇವೆ. ಅನುಮಾನ ಉಳಿದರೆ ನಾನೇ ಹೋಗಿ ಕೇಳಿ ಬರುತ್ತೇನೆ.

ಹಾಗೆ ಮಳವಳ್ಳಿಯ ಒಂದು ಬೈಕ್ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ರಿಪೇರಿ ಮಾಡುತ್ತಾ ವಿವರಿಸುತ್ತಿದ್ದರು. ತಲೆಗೆ ದುಪಟ್ಟಾ ಹೊದ್ದ ಅವರ ಹೆಂಡತಿ ಫೋನು ಹಿಡಿದು ವಿಡಿಯೊ ಮಾಡುತ್ತಿದ್ದರು. ಅವರ ಚಾನೆಲ್‌ನಲ್ಲೂ ಬೆಂಗಳೂರು ಎಂದಿತ್ತು.

"ಮಳವಳ್ಳಿ ಅಂದ್ರೆ ಯಾರ್ ನೋಡ್ತಾರೆ ಮೇಡಂ? ಅದ್ಕೇ ಅಂಗಾಕಿದ್ದು," ಎಂದರು ಆತ.

"ಊರಿನ ಹೆಸರು ಹೇಳೋಕೆ ನಾಚಿಕೆ ಯಾಕೆ? ನೀವೆಲ್ಲ ಬಚ್ಚಿಟ್ಟರೆ ಇಲ್ಲಿ ಯಾರೂ ಏನೂ ಮಾಡ್ತಿಲ್ಲ ಅಂತ ಆಗುತ್ತೆ," ಎಂದು ಉಪದೇಶ ಮಾಡಿದೆ. ಅವರು ಗ್ರೀಸು ಮೆತ್ತಿದ ಕೈ ಒರೆಸಿಕೊಂಡು, ನನ್ನೆದುರೇ ಮಳವಳ್ಳಿ ಎಂದು ಬದಲಿಸಿದರು.

ಹೆಂಡತಿಗೆ ಖುಷಿಯೋ ಖುಷಿ. ಫೋನನ್ನು ನನ್ನತ್ತ ತಿರುಗಿಸಿ, "ನಮ್ ಗ್ಯಾರೇಜ್ ನೋಡಕ್ಕೆ ಮೇಡಮ್ಮೋರು ಬಂದವ್ರೆ. ನಿಮ್ದು ಯಾವೂರು ಮೇಡಂ?" ಎಂದರು.

"ಮೈಸೂರು," ಎಂದುಬಿಟ್ಟೆ.

ನಾನು ಹುಟ್ಟಿ ಬೆಳೆದದ್ದು ಇದೇ ತಾಲ್ಲೂಕಿನ ಹಲಗೂರಿನಲ್ಲಿ. ಓದಲು ಮೈಸೂರಿಗೆ ಹೋದಾಗ ‘ಅಲಗೂರು’ ಎಂದದ್ದಕ್ಕೆ ಹಾಸ್ಟೆಲಿನ ಹುಡುಗಿಯರು ನಕ್ಕಿದ್ದರು. ಆಮೇಲೆ ಯಾರು ಕೇಳಿದರೂ ಮೈಸೂರು ಎನ್ನುವುದೇ ರೂಢಿಯಾಯಿತು. ಅಂದು ಮಾತು ಹೊರಬಿದ್ದ ಕೂಡಲೇ ತಪ್ಪು ಗೊತ್ತಾಯಿತು. ಆದರೂ ತಿದ್ದಿ ಹೇಳದೆ ಹೊರಟುಬಂದೆ.

ಸ್ವಲ್ಪ ದಿನಕ್ಕೇ ಅವ್ವ ಫೋನು ಮಾಡಿದಳು. "ಬೀದಿಯೋರೆಲ್ಲ ಆ ಗ್ಯಾರೇಜ್ ವಿಡಿಯೊ ನೋಡವ್ರೆ ಕಣವ್ವ. ನಿನ್ ಮಗ್ಳು ಯಾವಾಗ ಮೈಸೂರೋಳಾದ್ಲು ಅಂತ ನಿಮ್ಮಪ್ಪನ್ನ ಟೀ ಅಂಗ್ಡೀಲಿ ಕೇಳವ್ರೆ. ಅಲಗೂರು ಅನ್ನಕ್ಕೆ ಏನಾಗಿತ್ತು ನಿಂಗೆ?"

ಮತ್ತೆ ಗ್ಯಾರೇಜಿಗೆ ಹೋಗಿ ನಿಜ ಹೇಳಿದೆ. ಇಬ್ಬರೂ ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. "ನೀವು ಏಳಿದ್ರಿ ಅಂತಾನೇ ನಾನು ಊರ್ ಬದಲಾಯ್ಸಿದ್ದು," ಎಂದಷ್ಟೇ ಹೇಳಿ ಆತ ಸ್ಪ್ಯಾನರ್ ಎತ್ತಿಕೊಂಡರು. "ವಿಡಿಯೊದಲ್ಲಿ ಅಷ್ಟ್ನ ತೆಗೀತೀನಿ ಬುಡಿ ಮೇಡಂ. ಆದ್ರೆ ನೋಡೋರೆಲ್ಲ ನೋಡ್ಬುಟ್ಟವ್ರಲ್ಲ," ಎಂದರು ಹೆಂಡತಿ.

ಅಲ್ಲಿಂದಲೇ ಹಲಗೂರಿನ ಬಸ್ಸು ಹತ್ತಿದೆ. ಅಪ್ಪ ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಒಳಗೆ ಕೂಗಿದರು: "ಲೇ, ಮೈಸೂರೋರು ಬಂದವ್ರೆ. ಕುರ್ಚಿ ತಂದಾಕು."

ಅವ್ವ ಬಾಗಿಲಿಗೆ ಬಂದಳು. ನಾನು ಅಪ್ಪನ ಪಕ್ಕ ನೆಲದ ಮೇಲೇ ಕೂತೆ.

"ತಪ್ಪಾಯ್ತು ಕಣಪ್ಪ."

ಅಪ್ಪ ಬೀದಿಯತ್ತ ಮುಖ ತಿರುಗಿಸಿದರು. "ಉಣ್ಕಂಡ್ ಓಗು," ಎಂದರು. ಊಟಕ್ಕೆ ಕೂತಾಗಲೂ ನನ್ನ ಮುಖ ನೋಡಲಿಲ್ಲ.