ಹಾಲೀನಾಳ ಮುಂದಿನ ವಾರ

ವಾರವಿಡೀ ಡಾಟ್‌ಕಾಮ್ ಕಂಪನಿಯೊಂದರಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕಿ ಸುಸ್ತಾಗುವ ಹಾಲೀನಾ, ಶನಿವಾರ ಪ್ಲೆಸೆಂಟನ್ ಊರಿನ ತನ್ನ ಗರಾಜಿನಲ್ಲಿ ಉಕ್ರೇನಿಯನ್ ಮಕ್ಕಳಿಗೆ ಟೀಚರು. ಗೆಳತಿಯರ ಹಿಂದೆ ಅಲ್ಲಿಗೆ ಬರುವ ಮಗಳು ಶರಣ್ಯಾಳನ್ನು ಕಾಯುತ್ತಾ ಮೂಲೆಯಲ್ಲಿ ತೂಕಡಿಸುವ ಪಕ್ಕದ ಮನೆಯ ವೇದವತಿಗೆ ಹಾಲೀನಾಳ ಪಾಠದ ಕ್ರಮವೆಲ್ಲ ಬಾಯಿಪಾಠ: ಮೊದಲು ಕಸೂತಿ ಅಂಗಿಯ ತೋಳು ಮಡಚುವುದು, ಆಮೇಲೆ ಹಸಿ ಮೊಟ್ಟೆಯ ಮೇಲೆ ಜೇನುಮೇಣದ ಗೆರೆ ಎಳೆದು, ಹಳದಿಯಿಂದ ಶುರುಮಾಡಿ ಕಪ್ಪಿನವರೆಗೆ ಒಂದೊಂದೇ ಬಣ್ಣದಲ್ಲಿ ಅದ್ದಿಸುವುದು. ಮೊಟ್ಟೆ ಒಡೆದರೆ ಒಂದು ನಿಟ್ಟುಸಿರು; ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸಿದರೆ ಇನ್ನೂ ಉದ್ದದ್ದು. ನಕ್ಷೆಯಲ್ಲಿ ದ್ನೀಪ್ರೋ ನದಿಯನ್ನು ತೋರಿಸಿ ತೋರಿಸಿ ಕಾಗದ ಸವೆದು, ನದಿಯೇ ಬತ್ತಿಹೋಗಿತ್ತು. ಇತಿಹಾಸದ ಪಾಠದಲ್ಲಿ ಹಳೆಯ ಕೊಸಾಕ್ ಸವಾರರನ್ನು ಹುರುಪಿನಿಂದ ಕುದುರೆ ಹತ್ತಿಸಿದವಳು 1932ರ ಕ್ಷಾಮಕ್ಕೆ ಬಂದ ಕೂಡಲೇ, "ಹಸಿವಿನ ಪಾಠ ಮುಂದಿನ ವಾರ," ಎಂದು ಪುಸ್ತಕ ಮುಚ್ಚುತ್ತಿದ್ದಳು. "ನಿನ್ನ ಮುಂದಿನ ವಾರ ಬರೋದೇ ಇಲ್ವಲ್ಲೇ," ಎಂದು ವೇದವತಿ ಛೇಡಿಸಿದರೆ, "ಹೇಳಿದ್ರೆ ಹೆದರ್ತಾರೆ, ಹೇಳದಿದ್ರೆ ನನ್ನ ಜೊತೇಲೇ ಮುಗಿದುಹೋಗುತ್ತೆ," ಎನ್ನುತ್ತಿದ್ದಳು. ಒಂದು ಶನಿವಾರ ಶರಣ್ಯಾ ಅರ್ಧ ತಿಂದ ಬ್ರೆಡ್ಡನ್ನು ಕಸದ ಬುಟ್ಟಿಗೆ ಎಸೆದಳು. ಹಾಲೀನಾ ಬಗ್ಗಿ ಅದನ್ನೆತ್ತಿ, ಮುತ್ತಿಟ್ಟು, ಮೇಜಿನ ಮೇಲಿಟ್ಟಳು. ಗದರಲು ಎದ್ದ ವೇದವತಿಯನ್ನು ಕೈಯೆತ್ತಿ ತಡೆದಳು. "1932ರಲ್ಲಿ ನಮ್ಮೂರಿನ ಧಾನ್ಯವನ್ನೆಲ್ಲ ಸರ್ಕಾರದವರು ಹೊತ್ಕೊಂಡು ಹೋದ್ರು, ಮಕ್ಕಳೇ. ನಮ್ಮಮ್ಮನಿಗೆ ಇಬ್ಬರು ತಮ್ಮಂದಿರಿದ್ರು, ಪೆಟ್ರೋ ಮತ್ತೆ ವಸೀಲ್." "ಅವರು ಈಗ ಎಷ್ಟು ದೊಡ್ಡೋರು?" ಎಂದಳು ಶರಣ್ಯಾ. ಹಾಲೀನಾ ಅವಳನ್ನು ಹತ್ತಿರ ನಿಲ್ಲಿಸಿಕೊಂಡು, ಅವಳ ನೆತ್ತಿಯ ಮೇಲೆ ಅಂಗೈ ಇಟ್ಟು ಎತ್ತರ ನೋಡಿದಳು. "ಈಗಲೂ ಇಷ್ಟೇ," ಎಂದಳು.