ಕುಂಬಾರ ತೌಂಗ್ ಹಾನ್ ಪಟ್ಟ ವಿರಹ

ಬರ್ಮಾದ ಐರಾವತಿ ಹೊಳೆಯ ದಡದ ಕುಂಬಾರ ಊ ತೌಂಗ್ ಹಾನ್ ಮಾಡಿದ ಹಂಡೆಗಳಿಗೆ ಲೆಕ್ಕವಿಲ್ಲ. ಕಟ್ಟಿದ ಯದುಗಳು ಮಾತ್ರ ಹನ್ನೊಂದು. ಹನ್ನೊಂದೂ ಸೋತಿದ್ದವು. ಯದು ಎಂದರೆ ಋತುವನ್ನು ನೋಡುತ್ತ, ದೂರವಿದ್ದವರಿಗಾಗಿ ಹಂಬಲಿಸುವ ಹಾಡು. ಮಳೆಗಾಲ ಕಳೆದ ಹುಣ್ಣಿಮೆಗೆ ಊರ ಛತ್ರದಲ್ಲಿ ಅದರ ಸ್ಪರ್ಧೆ.

“ಪ್ರಾಸ ಸರಿ, ಮೋಡ ಸರಿ, ಹೂವೂ ಸರಿ,” ಎಂದಿದ್ದರು ಹೋದ ವರ್ಷ, ತೀರ್ಪು ಕೊಡುವ ಚಿನ್ ಮೇಷ್ಟ್ರು. “ಆದ್ರೆ ಹೆಂಡ್ತಿ ಪಕ್ಕದಲ್ಲೇ ಕೂತು ಕಡಲೆ ತಿಂತಿದ್ಲು ಅಂತ ಸಾಲು ಸಾಲಲ್ಲೂ ಗೊತ್ತಾಗುತ್ತಪ್ಪ.”

ನಿಜವೇ. ಮೂವತ್ತು ವರ್ಷದಲ್ಲಿ ಹೆಂಡತಿ ಡೋ ಸೈನ್ ಬು ಒಂದು ದಿನವೂ ಗಂಡನನ್ನು ಬಿಟ್ಟಿರಲಿಲ್ಲ. ಬಿಡುವುದಾದರೂ ಹೇಗೆ? ಅವಳು ಕಾಲಿನಿಂದ ಚಕ್ರ ತಿರುಗಿಸಿದರೆ ತಾನೇ ಇವನು ಮಣ್ಣು ಎತ್ತುವುದು?

ಈ ಸಲವೂ ಸೋತರೆ ಹಾಡು ಕಟ್ಟುವುದನ್ನೇ ಬಿಡುತ್ತೇನೆಂದು ತೌಂಗ್ ಹಾನ್ ಪಗೋಡದ ಮುಂದೆ ಆಣೆ ಮಾಡಿ ಬಂದ.

“ಮ ಸೈನ್, ಆಚೆ ದಡದಲ್ಲಿ ನಿನ್ನ ಅಕ್ಕನ ಮನೇಲಿ ಹದಿನೈದು ದಿನ ಇದ್ದು ಬಾ,” ಎಂದ ಹೆಂಡತಿಗೆ.

“ಯಾಕೆ, ನಾನೇನು ತಪ್ಪು ಮಾಡ್ದೆ?”

“ಏನಿಲ್ಲ. ನಿನ್ನ ನೆನೆಸ್ಕೊಂಡು ಅಳ್ಬೇಕು.”

“ಅಳೋದು ತಾನೇ, ಕೋ ತೌಂಗ್? ಇಲ್ಲೇ ಇದ್ದು ಅಳಿಸ್ತೀನಿ!”

ಆದರೂ ಹೋದಳು.

ಮೊದಲ ವಾರ ಅಳು ಬರಲಿಲ್ಲ, ನಿದ್ದೆ ಬಂತು. ಕವಳ ಹಾಕಿ ಹಾಕಿ ಬಾಯಿ ಕೆಂಪಾಯಿತು, ಕಾಗದ ಬೆಳ್ಳಗೇ ಉಳಿಯಿತು. ಎಂಟನೆಯ ದಿನ ಹಂಡೆ ಮಾಡಲು ಕೂತ. ಚಕ್ರ ತಿರುಗಿಸಲು ಬಂದ ಪಕ್ಕದ ಮನೆಯ ಕೋ ಪ್ವಾ ಬೆದರಿದ ಎತ್ತಿನಂತೆ ಒದ್ದ. ಒಂದು ಹಂಡೆ ಸೊಟ್ಟಗಾಯಿತು, ಇನ್ನೊಂದು ಕುಸಿದೇ ಹೋಯಿತು.

“ನಿಧಾನ ಕಣೋ!”

“ಚಿಕ್ಕಮ್ಮ ಹೇಗೆ ಒದೀತಿದ್ರು ಹೇಳಿ ಚಿಕ್ಕಪ್ಪ, ಹಾಗೇ ಒದೀತೀನಿ.”

ಹೇಗೆಂದು ತೌಂಗ್ ಹಾನ್‌ಗೂ ಗೊತ್ತಿರಲಿಲ್ಲ. ಅವಳಿಗೆ ಅದನ್ನು ಒಮ್ಮೆಯೂ ಹೇಳಬೇಕಾಗಿರಲಿಲ್ಲ. ಕೆಸರುಗೈಯಲ್ಲೇ ಕಾಗದಕ್ಕೆ ತಡಕಾಡಿದ.

ಹುಣ್ಣಿಮೆಯ ಬೆಳಿಗ್ಗೆ ಹಾಡು ಸಿದ್ಧವಾಗಿತ್ತು. ಓದಿಕೊಂಡಷ್ಟೂ ಅವಳನ್ನು ನೋಡದೆ ತಡೆಯಲಾಗಲಿಲ್ಲ. ದೋಣಿ ಹತ್ತಿ ಹೋಗಿ ಹೆಂಡತಿಯನ್ನು ಕರೆದುಕೊಂಡೇ ಛತ್ರಕ್ಕೆ ಬಂದ. ಅವಳು ಮುಂದಿನ ಸಾಲಿನಲ್ಲಿ ಕೂತಳು. ಇವನು ಎದ್ದು ನಿಂತು ಓದಿದ:

“ಮಳೆ ಹೋಯಿತು, ಹೊಳೆ ಇಳಿಯಿತು, ನೀ ಮಾತ್ರ ಆಚೆ ದಡದಲ್ಲಿ...”

“ನಿಲ್ಸಪ್ಪ!” ಎಂದರು ಮೇಷ್ಟ್ರು. “ಹಾಡು ಅಳ್ತಿದೆ, ನೀನು ಮೂವತ್ತೆರಡು ಹಲ್ಲೂ ಬಿಡ್ತಿದ್ದೀಯ. ಯಾರು ನಂಬ್ತಾರೆ?”

ಸಭೆ ಹೊಟ್ಟೆ ಹಿಡಿದು ನಕ್ಕಿತು. ಡೋ ಸೈನ್ ಬು ಹೆಗಲ ಮೇಲಿನ ಟವೆಲ್ ಎಳೆದುಕೊಂಡು ಎದ್ದಳು. “ನಾನು ಹೊರಗೆ ಹೋಗ್ತೀನಿ ಮೇಷ್ಟ್ರೇ, ಇನ್ನೊಂದ್ಸಲ ಓದ್ಲಿ. ಪಾಪ, ಆಣೆ ಬೇರೆ ಮಾಡಿದಾರೆ.”

“ಕೂತ್ಕೊಳೇ!” ತೌಂಗ್ ಹಾನ್ ಕಾಗದ ಮಡಚಿ ಲುಂಗಿಗೆ ಸಿಕ್ಕಿಸಿದ. “ಬಹುಮಾನ ಯಾರಿಗಾದ್ರೂ ಕೊಡಿ ಮೇಷ್ಟ್ರೇ. ನಂಗೆ ಇವಳಿಲ್ಲದ ಹದಿನೈದು ದಿನವೇ ಸಾಕಾಗೋಯ್ತು.”